ಪುಟಾಣಿ ಕುದುರೆಗೆ ಗಂಡು ಹುಡುಕುವ ಕಷ್ಟ

ಊಟದ ಮೇಜು ನೆಲದಿಂದ ಸುಮಾರು 30 ಅಂಗುಲ ಎತ್ತರವಿರುತ್ತದೆ. ಅದಕ್ಕೆ ಇನ್ನು ನಾಲ್ಕೇ ಅಂಗುಲ ಸೇರಿಸಿಕೊಳ್ಳಿ. ಪೂರ್ತಿ ಬೆಳೆದ ಕುದುರೆಯೊಂದರ ಹೆಗಲು ಅಷ್ಟಕ್ಕೇ ನಿಂತುಬಿಟ್ಟರೆ? ಮೂರು ವರ್ಷದ ಮಗು ಅದರ ಕತ್ತು ತಬ್ಬಿಕೊಂಡು ನಿಲ್ಲಬಹುದು. ಹಾಗೆಂದು ಅದು ಕುದುರೆಯ ಮರಿಯಲ್ಲ, ಆಟದ ಸಾಮಾನೂ ಅಲ್ಲ. ಹುಲ್ಲು ಮೇಯುವ, ಕೆನೆಯುವ, ಸಿಟ್ಟು ಬಂದರೆ ಹಿಂಗಾಲು ಝಾಡಿಸುವ ಅಪ್ಪಟ ಕುದುರೆ. ಇಂಗ್ಲಿಷಿನಲ್ಲಿ ಇದನ್ನು ಮಿನಿಯೇಚರ್ ಹಾರ್ಸ್ ಎನ್ನುತ್ತಾರೆ. ಕನ್ನಡಕ್ಕೆ ಪುಟಾಣಿ ಕುದುರೆ ಎಂದರೆ ಸಾಕು.

ಅಮೆರಿಕದಲ್ಲಿ ಇವುಗಳ ತಳಿ ಬೆಳೆಸುವುದು ಕೆಲವರಿಗೆ ಹವ್ಯಾಸ, ಕೆಲವರಿಗೆ ಕಸುಬು. 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಪುಟಾಣಿಗಳ ವಂಶಾವಳಿಯನ್ನು ದಾಖಲಿಸುತ್ತದೆ. ಅದರ ನಿಯಮ ಖಡಾಖಂಡಿತ. ಕುದುರೆಯ ಜೂಲಿನ ಕೊನೆಯ ಕೂದಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ನೆಲಕ್ಕೆ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್ ಮೀರಬಾರದು. ಮೀರಿದರೆ ಕುದುರೆ ಎಷ್ಟೇ ಚೆಂದವಿರಲಿ, ಆ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಈ ಕಸುಬಿನವರಿಗೆ ವರ್ಷ ವರ್ಷವೂ ಎದುರಾಗುವ ಪ್ರಶ್ನೆ ಒಂದೇ: ಬೀಜಕ್ಕೆ ಯಾವ ಗಂಡನ್ನು ಇಟ್ಟುಕೊಳ್ಳುವುದು? ಹತ್ತಾರು ಮರಿಗಳಿಗೆ ಅಪ್ಪನಾಗಿ, ಆ ಮರಿಗಳೂ ಬೆಳೆದು ಸೈ ಎನಿಸಿಕೊಂಡ ಹಳೆಯ ಕುದುರೆ ಸಿಕ್ಕರೆ ಚಿಂತೆಯಿಲ್ಲ. ಆದರೆ ಅಂಥದನ್ನು ಯಾರು ಮಾರುತ್ತಾರೆ? ಮಾರಿದರೂ ಬೆಲೆ ಕೈಗೆಟುಕುವುದಿಲ್ಲ. ಆದ್ದರಿಂದ ಬಹುತೇಕರು ಒಂದೋ ಎರಡೋ ವರ್ಷದ, ಇನ್ನೂ ಒಂದು ಮರಿಯನ್ನೂ ಹುಟ್ಟಿಸದ ಎಳೆ ಗಂಡನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ. ನಮ್ಮಲ್ಲಿ ಓದು ಮುಗಿಯದ, ಕೆಲಸ ಸಿಗದ ಹುಡುಗನಿಗೆ ಮಗಳನ್ನು ಕೊಡುವಾಗ ಮನೆ ಹಿರಿಯರು ಪಡುವ ಸಂಕಟವೇ ಇದು. ವ್ಯತ್ಯಾಸವೆಂದರೆ ಈ ವರನಿಗೆ ಹೆಣ್ಣು ಒಂದಲ್ಲ, ಹತ್ತಾರು.

ಆ ವ್ಯತ್ಯಾಸದಲ್ಲೇ ವಿಷಯದ ತಿರುಳಿದೆ. ಹೆಣ್ಣು ಕುದುರೆ ಮರಿಯನ್ನು ಸುಮಾರು ಹನ್ನೊಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ. ಹೆಣ್ಣಿನ ಆಯ್ಕೆಯಲ್ಲಿ ತಪ್ಪಿದರೆ ಆ ವರ್ಷ ಒಂದು ಮರಿ ಕೆಟ್ಟಿತು, ಅಷ್ಟೆ. ಗಂಡಿನ ಆಯ್ಕೆಯಲ್ಲಿ ತಪ್ಪಿದರೆ ಆ ವರ್ಷದ ಬೆಳೆಯೆಲ್ಲ ಕೆಡುತ್ತದೆ. ಅಷ್ಟೇ ಅಲ್ಲ, ಹುಟ್ಟಿದ ಹೆಣ್ಣು ಮರಿಗಳು ಮುಂದೆ ತಾಯಿಯಾಗಿ ಅಪ್ಪನ ದೋಷವನ್ನು ಹಿಂಡಿನಲ್ಲಿ ಹರಡುತ್ತಾ ಹೋಗುತ್ತವೆ. ಊರಿಗೊಂದು ಬೀಜದ ಹೋರಿ ಇಟ್ಟುಕೊಂಡು ಬಂದ ಹಳ್ಳಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿದ್ದಲ ಗಣಿಯಿಂದ ಬಂದ ದಾರಿ

ಪುಟಾಣಿ ಕುದುರೆಗಳ ಪೂರ್ವಜರಲ್ಲಿ ಮುಖ್ಯವಾದದ್ದು ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ಗುಜ್ಜಾರಿ ಕುದುರೆ. ಬಿರುಗಾಳಿ, ಚಳಿ, ಬಡಕಲು ಹುಲ್ಲು ಇವುಗಳ ನಡುವೆ ಅದು ಶತಮಾನಗಳ ಕಾಲ ಬದುಕಿತು. ಗಿಡ್ಡ ಮೈ, ದಟ್ಟ ಕೂದಲು, ಮೈಗೆ ಮೀರಿದ ಬಲ. 1842ರಲ್ಲಿ ಬ್ರಿಟನ್ನಿನ ಸಂಸತ್ತು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ದುಡಿಸಬಾರದೆಂದು ಕಾನೂನು ಮಾಡಿತು. ಆವರೆಗೆ ತಗ್ಗಿನ ಸುರಂಗಗಳಲ್ಲಿ ಬಗ್ಗಿಕೊಂಡು ಕಲ್ಲಿದ್ದಲ ಬಂಡಿ ಎಳೆಯುತ್ತಿದ್ದವರಲ್ಲಿ ಅವರೂ ಇದ್ದರು. ಅವರ ಜಾಗಕ್ಕೆ ಗಣಿ ಮಾಲೀಕರ ಕಣ್ಣು ಬಿದ್ದದ್ದು ಈ ಗುಜ್ಜಾರಿಗಳ ಮೇಲೆ.

ಡರಹಮ್ ಪ್ರಾಂತದಲ್ಲಿ ಗಣಿಗಳನ್ನು ಹೊಂದಿದ್ದ ಲಂಡನ್‌ಡೆರಿಯ ಮಾರ್ಕ್ವಿಸ್ 1870ರ ಹೊತ್ತಿಗೆ ಬ್ರೆಸೆ ಮತ್ತು ನಾಸ್ ಎಂಬ ಎರಡು ದ್ವೀಪಗಳನ್ನು ಹಿಡಿದು ತಳಿ ಬೆಳೆಸುವ ಕೇಂದ್ರವನ್ನೇ ತೆರೆದ. ಬೇಕಾಗಿದ್ದದ್ದು ತೂಕವಿರುವ, ಆದರೆ ನೆಲಕ್ಕೆ ಆದಷ್ಟು ಹತ್ತಿರವಿರುವ ಕುದುರೆ. ಅಲ್ಲಿ ಜ್ಯಾಕ್ ಎಂಬ ಒಂದು ಗಂಡು ಕುದುರೆ ಎಲ್ಲಕ್ಕೂ ಬುನಾದಿಯಾಯಿತು. ಅದರ ಸಂತತಿಯನ್ನು ಒಳಗೊಳಗೇ ಕೂಡಿಸಿ ಬೇಕಾದ ಅಚ್ಚನ್ನು ಎರಕ ಹೊಯ್ದರು. ಆ ಕೇಂದ್ರ 1899ರಲ್ಲಿ ಮುಚ್ಚಿ ಕುದುರೆಗಳು ಹರಾಜಾದವು. ಆದರೆ ಶೆಟ್‌ಲೆಂಡ್ ಗುಜ್ಜಾರಿಗಳ ವಂಶಾವಳಿಯನ್ನು ಹಿಂದೆ ಹಿಂದೆ ತಿರುವಿದರೆ ಇಂದಿಗೂ ಬಹುಪಾಲು ಅಲ್ಲಿಗೇ ಹೋಗಿ ಮುಟ್ಟುತ್ತವೆ.

ಗಮನಿಸಬೇಕಾದ ಸಂಗತಿ ಇದು: ಆ ಜ್ಯಾಕ್ ಕೂಡ ಒಂದು ಕಾಲಕ್ಕೆ ಯಾರೂ ಪರೀಕ್ಷಿಸದ ಎಳೆ ಗಂಡೇ. ಯಾರೋ ಒಬ್ಬರು ನೋಡಿ, ಇದಿರಲಿ ಎಂದರು. ಅವರ ಕಣ್ಣು ತಪ್ಪಿದ್ದರೆ ಒಂದು ತಳಿಯ ಚರಿತ್ರೆಯೇ ಬೇರೆಯಾಗುತ್ತಿತ್ತು. ಅದೇ ಕಾಲಕ್ಕೆ ಅರ್ಜೆಂಟೀನಾದಲ್ಲಿ, ಮುಂದೆ ಫಾಲಬೆಲಾ ಎಂಬ ಮನೆತನದ ಹೆಸರು ಪಡೆದ ಪುಟಾಣಿ ತಳಿ ಸ್ಥಳೀಯ ಕ್ರಿಯೋಲೊ ಕುದುರೆಗಳಿಂದ ಸಿದ್ಧವಾಗುತ್ತಿತ್ತು. ಅಮೆರಿಕದ ಪುಟಾಣಿಯಲ್ಲಿ ಇಂಥ ಹಲವು ನೆತ್ತರು ಬೆರೆತಿವೆ. ಬೆರಕೆ ತಳಿಯಲ್ಲಿ ಹೊರಗೆ ಕಾಣುವುದೊಂದು, ಒಳಗೆ ಇರುವುದೊಂದು ಆಗುವ ಸಂಭವ ಹೆಚ್ಚು.

ಅಳತೆಪಟ್ಟಿಯ ಆಟ

ಎಳೆ ಗಂಡಿನ ಮೊದಲ ತೊಡಕು ಎತ್ತರದ್ದೇ. ಕುದುರೆ ಒಂದು ವರ್ಷಕ್ಕೆ ತನ್ನ ಪೂರ್ಣ ಎತ್ತರದ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ಉಳಿದದ್ದು ನಿಧಾನ. ವರ್ಷದ ಗಂಡು 31 ಅಂಗುಲ ಇದ್ದರೆ ಹೊಸಬರು ಹಿಗ್ಗುತ್ತಾರೆ. 34ಕ್ಕೆ ಇನ್ನೂ ಮೂರು ಅಂಗುಲ ಇದೆಯಲ್ಲ! ಲೆಕ್ಕ ಹಾಕಿದರೆ 31ನ್ನು 0.9ರಿಂದ ಭಾಗಿಸಬೇಕು. ಬರುವುದು 34.4. ಅಂದರೆ ಗೆರೆ ದಾಟಿತು. ಈ ಶೇಕಡಾವಾರಿಯೂ ಸರಾಸರಿಯೇ ಹೊರತು ಬ್ರಹ್ಮಲಿಖಿತವಲ್ಲ. ಒಂದು ಬೇಗ ಬೆಳೆದು ನಿಲ್ಲುತ್ತದೆ, ಇನ್ನೊಂದು ಎರಡು ದಾಟಿದ ಮೇಲೂ ಕಣ್ಣು ತಪ್ಪಿಸಿ ಅರ್ಧ ಅಂಗುಲ ಏರುತ್ತದೆ. ಸಂಘವೂ ಇದನ್ನು ಬಲ್ಲದು. ಎಳೆಯದಕ್ಕೆ ಕೊಡುವ ನೋಂದಣಿ ತಾತ್ಕಾಲಿಕ; ಮೂರು ವರ್ಷ ತುಂಬಿ ಅಳತೆಯಾದ ಮೇಲೆ ಕಾಯಂ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಎರಡು ಗಂಡುಗಳು ಮುಂದೆ ನಿಂತಿವೆ ಎಂದುಕೊಳ್ಳಿ. ಒಂದು 28 ಅಂಗುಲ, ಆದರೆ ಅದರ ಅಪ್ಪ ಅಮ್ಮ 33ರ ಆಸುಪಾಸು. ಇನ್ನೊಂದು 31 ಅಂಗುಲ, ಅದರ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಎಲ್ಲವೂ 30ರಿಂದ 31. ಯಾವುದನ್ನು ಆರಿಸಬೇಕು? ಕಣ್ಣು ಮೊದಲನೆಯದರ ಕಡೆಗೇ ಹೋಗುತ್ತದೆ. ಆದರೆ ಅನುಭವಿಗಳು ಎರಡನೆಯದರ ಹಗ್ಗ ಹಿಡಿಯುತ್ತಾರೆ.

ಕಾರಣವನ್ನು 1886ರಷ್ಟು ಹಿಂದೆಯೇ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ತೋರಿಸಿಕೊಟ್ಟಿದ್ದ. ಮನುಷ್ಯರ ಎತ್ತರ ಅಳೆದು ನೋಡಿದಾಗ ಅತಿ ಎತ್ತರದ ತಂದೆತಾಯಿಯ ಮಕ್ಕಳು ಅವರಿಗಿಂತ ತುಸು ಕುಳ್ಳಾಗಿಯೂ, ಅತಿ ಕುಳ್ಳರ ಮಕ್ಕಳು ತುಸು ಎತ್ತರವಾಗಿಯೂ ಇರುವ ಒಲವು ಕಂಡಿತು. ವಂಶ ತನ್ನ ಸರಾಸರಿಯ ಕಡೆಗೆ ಎಳೆಯುತ್ತದೆ. 28 ಅಂಗುಲದ್ದು ತನ್ನ ವಂಶದಲ್ಲಿ ಒಂದು ಆಕಸ್ಮಿಕ. ಅದರ ಮರಿಗಳು ಹಿರಿಯರ ಎತ್ತರದ ಕಡೆಗೆ ಹಿಂತಿರುಗುವ ಸಂಭವ ಜಾಸ್ತಿ. 31ರದ್ದು ವಂಶಕ್ಕೆ ವಂಶವೇ ನಿಂತಿರುವ ಅಳತೆ.

ಜೊತೆಗೆ, ಗಿಡ್ಡತನವೆಲ್ಲ ರಕ್ತದಿಂದಲೇ ಬಂದದ್ದಾಗಬೇಕಿಲ್ಲ. ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು 1938ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತಳಿವಿಜ್ಞಾನದ ಪಾಠಗಳಲ್ಲಿ ಇಂದಿಗೂ ಬರುತ್ತದೆ. ಗಾಡಿ ಎಳೆಯುವ ದೈತ್ಯ ಶೈರ್ ಕುದುರೆಯನ್ನೂ ಶೆಟ್‌ಲೆಂಡ್ ಗುಜ್ಜಾರಿಯನ್ನೂ ಅವರು ಎರಡೂ ದಿಕ್ಕಿನಿಂದ ಕೂಡಿಸಿದರು. ಒಮ್ಮೆ ದೈತ್ಯ ತಾಯಿ, ಗುಜ್ಜಾರಿ ತಂದೆ. ಇನ್ನೊಮ್ಮೆ ಗುಜ್ಜಾರಿ ತಾಯಿ, ದೈತ್ಯ ತಂದೆ. ಇದಕ್ಕೆ ಕೃತಕ ಗರ್ಭಧಾರಣೆಯ ನೆರವು ಬೇಕಾಯಿತೆಂದು ಬೇರೆ ಹೇಳಬೇಕಿಲ್ಲ. ಎರಡು ಬಗೆಯ ಮರಿಗಳಲ್ಲೂ ಅರ್ಧ ರಕ್ತ ಅದು, ಅರ್ಧ ಇದು. ಆದರೂ ದೈತ್ಯ ತಾಯಿಯ ಮರಿ ಹುಟ್ಟುವಾಗಲೇ ಬಹಳ ದೊಡ್ಡದು, ಗುಜ್ಜಾರಿ ತಾಯಿಯದು ಚಿಕ್ಕದು. ಬೆಳೆದ ಮೇಲೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಗರ್ಭಕೋಶದ ಇಕ್ಕಟ್ಟು ಮರಿಯನ್ನು ಗಿಡ್ಡಗಿಡುತ್ತದೆ. ಹೊಟ್ಟೆಯ ಇಕ್ಕಟ್ಟಿನಿಂದಲೋ, ಎಳವೆಯಲ್ಲಿ ಮೇವಿಲ್ಲದೆಯೋ ಗಿಡ್ಡಾದ ಗಂಡು ಆ ಗಿಡ್ಡತನವನ್ನು ಮರಿಗೆ ದಾಟಿಸಲಾರದು.

ಕೈಯಾಡಿಸಿ ನೋಡುವುದು

ಎತ್ತರ ಒಂದು ಪಾಲು. ಉಳಿದದ್ದಕ್ಕೆ ಬಾಯಿ ತೆರೆಸಬೇಕು, ಕಾಲೆತ್ತಿಸಬೇಕು, ನಾಚದೆ ಹೊಟ್ಟೆಯಡಿ ಕೈ ಹಾಕಬೇಕು. ದವಡೆ ಕುಗ್ಗಿದಷ್ಟು ಹಲ್ಲು ಕುಗ್ಗುವುದಿಲ್ಲ. ಆದ್ದರಿಂದ ಪುಟಾಣಿಗಳ ಬಾಯಲ್ಲಿ ಹಲ್ಲುಗಳ ನೂಕುನುಗ್ಗಲು ಸಾಮಾನ್ಯ. ಮೇಲಿನ, ಕೆಳಗಿನ ಬಾಚಿಹಲ್ಲುಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಹುಲ್ಲು ಕತ್ತರಿಸುವುದೇ ಕಷ್ಟ. ಕೆಳದವಡೆ ಮುಂಚಾಚಿದ ಗಂಡು ಎಷ್ಟೇ ಮುದ್ದಾಗಿರಲಿ, ಅದನ್ನು ಬಿಟ್ಟು ಮುಂದೆ ನಡೆಯುವುದೇ ವಿವೇಕ.

ಹಿಂಗಾಲಿನ ಮಂಡಿಚಿಪ್ಪು ಜಾರುವ ತೊಂದರೆ ಶೆಟ್‌ಲೆಂಡ್ ಮತ್ತು ಪುಟಾಣಿ ಕುದುರೆಗಳಲ್ಲಿ ವಂಶಪಾರಂಪರ್ಯವಾಗಿ ಕಾಣಿಸಿಕೊಳ್ಳುತ್ತದೆ. ನಿಂತಾಗ ತಿಳಿಯುವುದಿಲ್ಲ, ನಡೆಸಬೇಕು, ತಿರುಗಿಸಬೇಕು, ಹಿಂದಿನಿಂದ ನೋಡಬೇಕು. ಇನ್ನು ವೃಷಣಗಳು. ಪುಟಾಣಿ ತಳಿಗಳಲ್ಲಿ ಇವು ಕೆಳಗಿಳಿಯುವುದು ತಡವಾಗುವುದುಂಟು. ಕೆಲವಕ್ಕೆ ಒಂದು ಹೊಟ್ಟೆಯೊಳಗೇ ಉಳಿದುಬಿಡುತ್ತದೆ. ಇನ್ನೊಂದರಿಂದ ಮರಿ ಹುಟ್ಟಬಹುದು, ನಿಜ. ಆದರೆ ಗಂಡು ಮರಿಗಳೂ ಅದೇ ಹಾದಿ ಹಿಡಿಯಬಹುದು. 'ಇನ್ನೊಂದು ಆರು ತಿಂಗಳಿಗೆ ಇಳಿಯುತ್ತದೆ' ಎನ್ನುವ ಮಾರಾಟಗಾರನಿಗೆ 'ಹಾಗಾದರೆ ಆರು ತಿಂಗಳಿಗೇ ಬರುತ್ತೇನೆ' ಎನ್ನುವುದು ಜಾಣ ಉತ್ತರ.

ಎರಡೂ ಸರಿಯಿದ್ದ ಮಾತ್ರಕ್ಕೆ ಗಬ್ಬ ಕಟ್ಟಿಸುತ್ತದೆಂಬ ಖಾತ್ರಿಯೂ ಇಲ್ಲ. ಪುಟಾಣಿಗಳಲ್ಲದಿದ್ದರೂ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಸಿಗಾರ್ ಎಂಬ ರೇಸ್ ಕುದುರೆ 1994ರಿಂದ 1996ರವರೆಗೆ ಸತತ 16 ಪಂದ್ಯ ಗೆದ್ದಿತು. ಕೋಟಿಗಟ್ಟಲೆ ಬಾಳುವ ಬೀಜವೆಂದು 1997ರಲ್ಲಿ ಅದನ್ನು ತಳಿಗೆ ಬಿಟ್ಟರು. ಒಂದೇ ಒಂದು ಹೆಣ್ಣಿಗೂ ಗಬ್ಬ ನಿಲ್ಲಲಿಲ್ಲ. ಮೈದಾನದಲ್ಲಿ ಲೋಕವನ್ನೇ ಗೆದ್ದ ಕುದುರೆ ಬಂಜೆಯಾಗಿತ್ತು. ಕೊನೆಗೆ ವಿಮಾ ಕಂಪನಿ ಹಣ ತೆರಬೇಕಾಯಿತು. ಆದ್ದರಿಂದ ಎಳೆ ಗಂಡಿನ ವೀರ್ಯ ಪರೀಕ್ಷೆ ಮಾಡಿಸುವುದು ವಾಡಿಕೆ. ಒಂದು ವೀರ್ಯಾಣು ಸಿದ್ಧವಾಗಲು ಕುದುರೆಯಲ್ಲಿ ಸುಮಾರು 57 ದಿನ ಬೇಕು. ಎರಡು ತಿಂಗಳ ಹಿಂದೆ ಜ್ವರ ಬಂದಿದ್ದರೆ ಫಲಿತಾಂಶ ಇವತ್ತು ಕೆಡಬಹುದು. ಒಂದು ಪರೀಕ್ಷೆಯಲ್ಲಿ ನಪಾಸಾದುದನ್ನು ಇನ್ನೊಮ್ಮೆ ಕೂರಿಸದೆ ತಳ್ಳಿಹಾಕುವುದೂ ಅನ್ಯಾಯವೇ.

ಕಾಣದ ದೋಷ

ಇಷ್ಟೆಲ್ಲ ನೋಡಿದ ಮೇಲೂ ಕಣ್ಣಿಗೆ, ಕೈಗೆ ಸಿಗದ ಒಂದು ಶತ್ರುವಿದೆ. ಪುಟಾಣಿ ಕುದುರೆಗಳ ಲೋಕದಲ್ಲಿ ಅದರ ಹೆಸರು ಕುಬ್ಜತೆ.

ಸಣ್ಣದಾಗಿರುವುದು ಬೇರೆ, ಕುಬ್ಜವಾಗಿರುವುದು ಬೇರೆ. ಒಳ್ಳೆಯ ಪುಟಾಣಿಯ ಚಿತ್ರ ತೆಗೆದು ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದಿದ್ದರೆ ಅದು ದೊಡ್ಡ ಕುದುರೆಯೆಂದೇ ಅನ್ನಿಸಬೇಕು. ಎಲ್ಲ ಅಂಗವೂ ಒಂದೇ ಪ್ರಮಾಣದಲ್ಲಿ ಕಿರಿದಾಗಿರುತ್ತವೆ. ಕುಬ್ಜ ಮರಿಯಲ್ಲಿ ಹಾಗಲ್ಲ. ಕಾಲು ಮೋಟು, ಮುಂಡ ದೊಡ್ಡದು, ಹಣೆ ಉಬ್ಬಿ ಮೂಗಿನ ಸೇತುವೆ ಒಳಕ್ಕೆ ಕುಸಿದಿರುತ್ತದೆ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಉಸಿರಾಟಕ್ಕೆ ತೊಂದರೆ, ಸೊಟ್ಟ ಕಾಲು, ಕೀಲುನೋವು ಜೀವನವಿಡೀ ಬೆನ್ನಿಗೆ. 2006ರಲ್ಲಿ ಜಗತ್ತಿನ ಅತಿ ಚಿಕ್ಕ ಕುದುರೆಯೆಂದು ಗಿನ್ನೆಸ್ ದಾಖಲೆ ಸೇರಿದ ಅಮೆರಿಕದ ಥಂಬೆಲಿನಾ ಇಂಥ ಕುಬ್ಜೆ. ಎತ್ತರ 17.5 ಅಂಗುಲ. ಪತ್ರಿಕೆಗಳಲ್ಲಿ ಅದರ ಚಿತ್ರ ನೋಡಿ ಮುದ್ದುಗರೆದವರೇ ಎಲ್ಲ. ಸಾಕಿದವರು ಮಾತ್ರ ಅದಕ್ಕೆ ಮರಿ ಮಾಡಿಸಬಾರದೆಂದು ನಿಶ್ಚಯಿಸಿದರು. 2018ರಲ್ಲಿ ಅದು ತೀರಿಕೊಂಡಿತು.

ಈ ನಿಶ್ಚಯದ ಬೆಲೆ ತಿಳಿಯಬೇಕಾದರೆ ಹಿಂದಿನ ಕಾಲ ನೆನೆಯಬೇಕು. ಎಷ್ಟು ಚಿಕ್ಕದೋ ಅಷ್ಟು ಬೆಲೆ ಎಂಬ ಹುಚ್ಚು ಇದ್ದ ಆರಂಭದ ದಿನಗಳಲ್ಲಿ ಕುಬ್ಜತನದ ಲಕ್ಷಣವಿದ್ದ ಕುದುರೆಗಳನ್ನೇ ಬೀಜಕ್ಕೆ ಬಳಸಿದ್ದುಂಟು. ಚಿಕ್ಕದಾಗಲಿ ಎಂದು ಆರಿಸಿದವರು ತಮಗರಿವಿಲ್ಲದೆ ದೋಷವನ್ನೇ ಆರಿಸಿ, ಅದನ್ನು ಇಡೀ ತಳಿಯಲ್ಲಿ ಬಿತ್ತಿದರು.

ದೋಷದ ಸ್ವಭಾವ ಮೆಂಡೆಲ್ 1866ರಲ್ಲಿ ಬಟಾಣಿ ಗಿಡದಲ್ಲಿ ವಿವರಿಸಿದಂಥದೇ. ಪ್ರತಿ ಕುದುರೆಯಲ್ಲೂ ಒಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕುದುರೆ ನೋಡಲು ಸರಿಯಾಗಿಯೇ ಇರುತ್ತದೆ. ಬಹುಮಾನವನ್ನೂ ಗೆಲ್ಲಬಹುದು. ಇದು ದೋಷವಾಹಕ. ವಾಹಕ ಗಂಡು, ವಾಹಕ ಹೆಣ್ಣು ಕೂಡಿದಾಗ ಮಾತ್ರ ನಾಲ್ಕರಲ್ಲಿ ಒಂದು ಪಾಲಿನ ಸಂಭವದಂತೆ ಎರಡೂ ಕೆಟ್ಟ ಪ್ರತಿಗಳು ಮರಿಯಲ್ಲಿ ಸೇರುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ 'ಪರೀಕ್ಷೆಗೆ ನಿಂತು ಗೆದ್ದ ಗಂಡು' ಎಂಬ ಮಾತು ಎಷ್ಟು ಟೊಳ್ಳು ಎಂಬುದು ಗೊತ್ತಾಗುತ್ತದೆ. ಎಳೆ ಗಂಡು ವಾಹಕವಾಗಿದೆ, ಯಾರಿಗೂ ತಿಳಿಯದು. ಅದರ ಮುಂದಿರುವ ಹೆಣ್ಣುಗಳಲ್ಲಿ ನಾಲ್ಕಕ್ಕೊಂದು ವಾಹಕ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಗ ಹುಟ್ಟುವ ಪ್ರತಿ ಮರಿಯೂ ಕುಬ್ಜವಾಗುವ ಸಂಭವ 16ರಲ್ಲಿ ಒಂದು. ಮೊದಲ ವರ್ಷ ಐದು ಮರಿ ಹುಟ್ಟಿದವು. ಐದರಲ್ಲಿ ಒಂದೂ ಕುಬ್ಜವಾಗದಿರುವ ಸಂಭವ ಎಷ್ಟು? ಶೇಕಡಾ 72! ಐದೂ ಮರಿ ಸೊಗಸಾಗಿವೆ, ಗಂಡು ಗಟ್ಟಿ ಎಂದು ಯಜಮಾನ ಮೀಸೆ ತಿರುವುತ್ತಾನೆ, ಊರೆಲ್ಲ ಬೀಜ ಹಂಚುತ್ತಾನೆ. ಇಪ್ಪತ್ತು ಮರಿ ಹುಟ್ಟಿದ ಮೇಲೂ ದೋಷ ಬಯಲಿಗೆ ಬಾರದೆ ಉಳಿಯುವ ಸಂಭವ ಶೇಕಡಾ 27ಕ್ಕೂ ಮಿಗಿಲು.

ಹಳೆಯ ಕಾಲದಲ್ಲಿ ಇದಕ್ಕಿದ್ದ ಉಪಾಯವೆಂದರೆ ಗಂಡನ್ನು ಉದ್ದೇಶಪೂರ್ವಕವಾಗಿ ವಾಹಕವೆಂದು ಗೊತ್ತಿರುವ ಹೆಣ್ಣುಗಳಿಗೇ ಬಿಡುವುದು. ಆಗಲೂ ಶೇಕಡಾ 99ರ ಭರವಸೆಗೆ ಬರಬೇಕಾದರೆ ಒಂದಾದ ಮೇಲೊಂದು 16 ಮರಿ ಸರಿಯಾಗಿ ಹುಟ್ಟಬೇಕು. ನಡುವೆ ಗಂಡು ವಾಹಕವೆಂದು ಗೊತ್ತಾಗುವುದು ನರಳುವ ಮರಿಯೊಂದು ಹುಟ್ಟಿದ ಮೇಲೆ. ಸತ್ಯ ತಿಳಿಯಲು ತೆರಬೇಕಾದ ಬೆಲೆ ಅದು.

ಬೇರು ಸಹಿತ ನಾಲ್ಕು ಕೂದಲು

ಪರಿಸ್ಥಿತಿ ಬದಲಾದದ್ದು ಈ ಶತಮಾನದಲ್ಲಿ. 2009ರಲ್ಲಿ ಟ್ವೈಲೈಟ್ ಎಂಬ ಹೆಣ್ಣು ಕುದುರೆಯ ಡಿಎನ್‌ಎ ಓದಿ ಕುದುರೆಯ ಪೂರ್ಣ ಜೀನೋಮ್ ಪ್ರಕಟಿಸಿದರು. ಅದು ಕೈಗೆ ಬಂದ ಮೇಲೆ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಪುಟಾಣಿಗಳ ಕುಬ್ಜತೆಯ ಬೆನ್ನು ಹತ್ತಿದರು. ಮೃದ್ವಸ್ಥಿಗೆ ಗಟ್ಟಿತನ ಕೊಡುವ ಆಗ್ರಿಕ್ಯಾನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದಲ್ಲ, ನಾಲ್ಕು ಬೇರೆ ಬೇರೆ ದೋಷಗಳು ಪತ್ತೆಯಾದವು. ಅವರ ವಿವರಗಳು 2018ರಲ್ಲಿ ಅಚ್ಚಾದವು. ಮೂಳೆ ಬೆಳೆಯುವುದು ಮೊದಲು ಮೃದ್ವಸ್ಥಿಯ ಅಚ್ಚು ಬೆಳೆದು. ಅಚ್ಚೇ ಸೊಟ್ಟಾದರೆ ಮೂಳೆ ನೆಟ್ಟಗೆ ಬರುವುದೆಲ್ಲಿಂದ? ನಾಲ್ಕರಲ್ಲಿ ಯಾವ ಎರಡು ಸೇರಿದರೂ ಮರಿಗೆ ತೊಂದರೆಯೇ. ಒಂದು ಬಗೆಯದು ಜೋಡಿಯಾದರೆ ಮರಿ ಹುಟ್ಟುವವರೆಗೂ ಉಳಿಯುವುದಿಲ್ಲ, ಗಬ್ಬವೇ ಜಾರಿಹೋಗುತ್ತದೆ.

ಈಗ ಎಳೆ ಗಂಡಿನ ಜೂಲಿನಿಂದ ಬೇರು ಸಹಿತ ಕೆಲವು ಕೂದಲು ಕಿತ್ತು ಲಕೋಟೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರೆ ಉತ್ತರ ಬರುತ್ತದೆ. 16 ಮರಿಗಳು ಹೇಳಬೇಕಾದದ್ದನ್ನು ನಾಲ್ಕು ಕೂದಲು ಹೇಳುತ್ತವೆ. ಶೆಟ್‌ಲೆಂಡ್ ಗುಜ್ಜಾರಿಗಳಲ್ಲಿ ಕಾಲಿನ ಮೂಳೆಗಳು ವಿಕಾರವಾಗುವ ಇನ್ನೊಂದು ರೋಗದ ಮೂಲವೂ 2016ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಬಯಲಾಯಿತು. ಅದಕ್ಕೂ ಪರೀಕ್ಷೆ ಬಂದಿದೆ.

ವಾಹಕವೆಂದು ತಿಳಿದ ಗಂಡನ್ನು ಏನು ಮಾಡಬೇಕು? ಇಲ್ಲಿ ಭಿನ್ನಾಭಿಪ್ರಾಯವಿದೆ. ದೋಷವಿಲ್ಲದ ಹೆಣ್ಣುಗಳಿಗಷ್ಟೇ ಬಿಟ್ಟರೆ ಒಂದು ಮರಿಯೂ ಕುಬ್ಜವಾಗದು, ಒಳ್ಳೆಯ ಗುಣಗಳು ಉಳಿದಾವು ಎನ್ನುವ ವಾದ ತಳ್ಳಿಹಾಕುವಂಥದಲ್ಲ. ಮೊದಲೇ ಒಳಗೊಳಗೆ ಕೂಡಿಸಿ ಕಿರಿದಾದ ತಳಿಯಿಂದ ವಾಹಕಗಳನ್ನೆಲ್ಲ ಒಮ್ಮೆಲೇ ತೆಗೆದರೆ ಬೇರೆ ಏನೇನು ಕಳೆದುಹೋಗುತ್ತದೋ! ಆದರೆ ಈ ವಿನಾಯಿತಿ ಸಲ್ಲಬೇಕಾದದ್ದು ಬೇರೆಲ್ಲ ರೀತಿಯಲ್ಲಿ ಯೋಗ್ಯತೆ ತೋರಿಸಿದ ಹಳೆಯ ಕುದುರೆಗೆ. ಇನ್ನೂ ಏನನ್ನೂ ಸಾಧಿಸದ ಎಳೆಯದಕ್ಕೆ ಇಲ್ಲ. ಮಾರುಕಟ್ಟೆಯಲ್ಲಿ ಶುದ್ಧವಾದ ಎಳೆ ಗಂಡುಗಳು ಸಾಕಷ್ಟು ಇರುವಾಗ ತಿಳಿದೂ ತಿಳಿದೂ ದೋಷವನ್ನು ಮನೆಗೆ ಕರೆತರುವುದು ಯಾವ ಲೆಕ್ಕ?

ಬಣ್ಣದ ಮರುಳೂ ಹೀಗೆಯೇ. ಕಪ್ಪು ಮೈ, ಬೆಳ್ಳಿ ಜೂಲು ಇರುವ 'ಸಿಲ್ವರ್' ಪುಟಾಣಿಗಳಿಗೆ ಬೇಡಿಕೆ ಬಹಳ. ಆ ಬೆಳ್ಳಿ ಬಣ್ಣದ ಜೊತೆಗೇ ಕಣ್ಣಿನ ವಿಕಾರಗಳೂ ಬರುತ್ತವೆ. ಎರಡು ಪ್ರತಿ ಬಂದರೆ ತೊಂದರೆ ಹೆಚ್ಚು. 'ಫ್ರೇಮ್' ಎಂಬ ಬಿಳಿ ಮಚ್ಚೆಯ ವಿನ್ಯಾಸವಿದ್ದ ಗಂಡು, ಹೆಣ್ಣು ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಅಚ್ಚ ಬಿಳಿಯಾಗಿ ಹುಟ್ಟಿ, ಕರುಳು ಕೆಲಸ ಮಾಡದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದರ ಮೂಲ 1998ರಲ್ಲೇ ಗೊತ್ತಾಗಿದೆ. ಮಚ್ಚೆ ಒಮ್ಮೊಮ್ಮೆ ಕಣ್ಣಿಗೆ ಬೀಳದಷ್ಟು ಚಿಕ್ಕದಿರುತ್ತದೆ, ಆದ್ದರಿಂದ ಇಲ್ಲೂ ಕೂದಲನ್ನೇ ಕೇಳಬೇಕು.

ಕೂದಲು ಹೇಳದ ಮಾತು

ಹಾಗಾದರೆ ಪ್ರಯೋಗಾಲಯದ ಕಾಗದ ಕೈಗೆ ಬಂದರೆ ಜೂಜು ಮುಗಿಯಿತೇ? ಇಲ್ಲ. ಒಂದೇ ವಂಶವಾಹಿಯಿಂದ ಬರುವ ದೋಷವನ್ನು ಹಿಡಿಯುವುದು ಸುಲಭ. ಹತ್ತಾರು ವಂಶವಾಹಿಗಳು ಕೈಸೇರಿಸಿ ಮಾಡುವ ಗುಣಗಳನ್ನು ಅಳೆಯುವುದು ಕಷ್ಟ. ಎತ್ತರದ ವಿಷಯದಲ್ಲಿ ವಿಜ್ಞಾನ ಕೊಂಚ ಮುಂದೆ ಹೋಗಿದೆ. ಬೇರೆ ಬೇರೆ ತಳಿಗಳ ಕುದುರೆಗಳ ಗಾತ್ರದಲ್ಲಿರುವ ವ್ಯತ್ಯಾಸದ ಬಹುಪಾಲನ್ನು ನಾಲ್ಕೇ ನೆಲೆಗಳು ವಿವರಿಸುತ್ತವೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು; ಶೆಟ್‌ಲೆಂಡ್ ಗುಜ್ಜಾರಿಗಳ ಎತ್ತರ ತಗ್ಗಿಸುವ ಒಂದು ಬದಲಾವಣೆ 2015ರಲ್ಲಿ ಸಿಕ್ಕಿತು. ಆದರೆ ಕತ್ತಿನ ಬಾಗು, ನಡಿಗೆಯ ಲಯ, ಕಣ್ಣಿನ ತೇಜಸ್ಸು, ಎಲ್ಲಕ್ಕಿಂತ ಮುಖ್ಯವಾಗಿ ಗುಣ ಸ್ವಭಾವ, ಇವಕ್ಕೆ ಲಕೋಟೆಯಲ್ಲಿ ಉತ್ತರ ಬರುವುದಿಲ್ಲ.

ಸ್ವಭಾವವನ್ನು ಹಗುರವಾಗಿ ಕಾಣುವಂತಿಲ್ಲ. ಈ ಕುದುರೆಗಳು ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ ಹೋಗಿ ರೋಗಿಗಳ ಹಾಸಿಗೆಯ ಪಕ್ಕ ನಿಲ್ಲುತ್ತವೆ. ಅಂಧರಿಗೆ ದಾರಿ ತೋರಿಸಲು ಪಳಗಿದ ಪುಟಾಣಿಗಳೂ ಇವೆ. 2011ರಿಂದ ಅಮೆರಿಕದ ಅಂಗವಿಕಲರ ಕಾನೂನಿನ ನಿಯಮಗಳಲ್ಲಿ ನಾಯಿಯ ಜೊತೆಗೆ ಪುಟಾಣಿ ಕುದುರೆಗೂ ಅವಕಾಶವಿದೆ. ಕಚ್ಚುವ ಗಂಡಿನ ಸಂತಾನವನ್ನು ಅಲ್ಲಿಗೆ ಕಳಿಸಲಾಗದು.

ಟಿಪ್ಪುವಿನ ಕಾಲದಿಂದ ಹೆಸರಾದ ನಮ್ಮ ಕುಣಿಗಲ್‌ನಂಥ ಕಡೆ ರೇಸ್ ಕುದುರೆಗಳ ಬೀಜ ಆರಿಸುವವರಿಗೆ ಒಂದು ಅನುಕೂಲವಿತ್ತು. ಬೀಜಕ್ಕೆ ಬರುವ ಮುನ್ನವೇ ಕುದುರೆ ಮೈದಾನದಲ್ಲಿ ಓಡಿ ತನ್ನ ಕಾಲಿನಲ್ಲೇ ತನ್ನ ಯೋಗ್ಯತೆ ಬರೆದಿರುತ್ತದೆ. ಪುಟಾಣಿಗೆ ಅಂಥ ಮೈದಾನವಿಲ್ಲ. ಪ್ರದರ್ಶನದ ಅಂಗಳದಲ್ಲಿ ಮೈ ಬೋಳಿಸಿ, ಎಣ್ಣೆ ಹಚ್ಚಿ ನಿಲ್ಲಿಸಿದ್ದನ್ನು ತೀರ್ಪುಗಾರರು ನೋಡುತ್ತಾರೆ. ಅಲ್ಲಿ ಗೆದ್ದದ್ದು ಗಂಡಿನ ಮೈಯೋ, ಸಿಂಗರಿಸಿದವರ ಕೈಯೋ ಹೇಳುವುದು ಕಷ್ಟ.

ಮತ್ತೆ, ಗಂಡು ತನ್ನದೆಲ್ಲವನ್ನೂ ಮರಿಗೆ ಕೊಡುವುದಿಲ್ಲ, ಅರ್ಧ ಮಾತ್ರ. ಯಾವ ಅರ್ಧ ಎಂಬುದು ಚೀಟಿ ಎತ್ತಿದ ಹಾಗೆ. ಕುದುರೆಗೆ 32 ಜೊತೆ ವರ್ಣತಂತುಗಳು. ಪ್ರತಿ ಜೊತೆಯಿಂದ ಒಂದನ್ನು ಎತ್ತಿದರೆ ಆಗಬಹುದಾದ ಬಗೆಗಳು 429 ಕೋಟಿಗೂ ಹೆಚ್ಚು. ಆದ್ದರಿಂದಲೇ ಒಂದೇ ತಂದೆತಾಯಿಯ ಇಬ್ಬರು ಗಂಡುಗಳಲ್ಲಿ ಅಣ್ಣ ಚಾಂಪಿಯನ್ನರ ಅಪ್ಪನಾದರೂ ತಮ್ಮ ಹೆಸರಿಲ್ಲದೆ ಹೋಗಬಹುದು. 'ಇಂಥವನ ಖಾಸಾ ತಮ್ಮ' ಎಂಬ ಜಾಹೀರಾತಿಗೆ ಕೊಡುವ ಹಣದಲ್ಲಿ ಒಂದು ಪಾಲು ಬರಿಯ ಆಸೆಗೆ ಕೊಟ್ಟದ್ದು.

ಇದಕ್ಕೆ ಹದಿನೆಂಟನೆಯ ಶತಮಾನದ ಒಬ್ಬ ರೈತ ಹುಡುಕಿದ ದಾರಿಯನ್ನು ಮೀರಿಸಿದ್ದು ಪುಟಾಣಿ ಲೋಕಕ್ಕೆ ಇನ್ನೂ ಸಿಕ್ಕಿಲ್ಲ. ಇಂಗ್ಲೆಂಡಿನ ಡಿಶ್ಲಿಯ ರಾಬರ್ಟ್ ಬೇಕ್‌ವೆಲ್ ತನ್ನ ಟಗರುಗಳನ್ನು ಮಾರುತ್ತಿರಲಿಲ್ಲ, ಹಂಗಾಮಿಗೆ ಬಾಡಿಗೆಗೆ ಕೊಡುತ್ತಿದ್ದ. ಬೇರೆ ಬೇರೆ ರೈತರ ಹಿಂಡುಗಳಲ್ಲಿ ಮರಿಗಳು ಹೇಗೆ ಬಂದವೆಂದು ನೋಡಿ, ಒಳ್ಳೆಯ ಮರಿ ಕೊಟ್ಟ ಟಗರನ್ನು ತನ್ನ ಹಿಂಡಿಗೆ ವಾಪಸು ಕರೆಸಿಕೊಳ್ಳುತ್ತಿದ್ದ. ಬಾಡಿಗೆಯೂ ಬಂತು, ಪರೀಕ್ಷೆಯೂ ಆಯಿತು. ಈಗಿನ ಎಚ್ಚರಿಕೆಯ ಸಾಕಣೆದಾರರು ಮಾಡುವುದೂ ಅದರ ಸಣ್ಣ ರೂಪವೇ. ಎರಡು ವರ್ಷದ ಗಂಡಿಗೆ ಮೊದಲ ಹಂಗಾಮಿನಲ್ಲಿ ಮೂರೋ ನಾಲ್ಕೋ ಹೆಣ್ಣು. ಅದೂ ಹಿಂದೆ ಬೇರೆ ಗಂಡುಗಳಿಂದ ಮರಿ ಹಾಕಿದ, ತಮ್ಮ ಗುಣ ಏನೆಂದು ತೋರಿಸಿಕೊಟ್ಟ ಹೆಣ್ಣುಗಳು. ಆಗ ಹೊಸ ಮರಿಯಲ್ಲಿ ಕಂಡದ್ದು ಅಪ್ಪನದೋ ಅಮ್ಮನದೋ ಎಂದು ಬೇರ್ಪಡಿಸಬಹುದು. ಚೊಚ್ಚಲ ಹೆಣ್ಣಿಗೆ ಹೊಸ ಗಂಡನ್ನು ಬಿಟ್ಟರೆ ಎರಡೂ ಕಡೆ ಕತ್ತಲೆ. ಮರಿ ಕೆಟ್ಟರೆ ಯಾರನ್ನು ದೂರುವುದು?

ಆಮೇಲೆ ಕಾಯಬೇಕು. ಹನ್ನೊಂದು ತಿಂಗಳು ಗಬ್ಬ, ಮರಿ ಬೆಳೆದು ನಿಲ್ಲಲು ಮೂರು ವರ್ಷ. ಎರಡು ವರ್ಷದವನಿದ್ದಾಗ ಆರಿಸಿದ ಗಂಡಿನ ನಿಜವಾದ ಫಲಿತಾಂಶ ಕೈಸೇರುವಾಗ ಅವನಿಗೆ ಆರು ತುಂಬಿರುತ್ತದೆ. ನಡುವೆ ಹಿಡಿಸದಿದ್ದರೆ ಬೀಜ ಒಡೆಸಿಬಿಡಬೇಕು. ಅದಕ್ಕೆ ಮನಸ್ಸು ಗಟ್ಟಿ ಬೇಕು, ಏಕೆಂದರೆ ಕೊಟ್ಟ ಹಣ ಆವಿಯಾಗುತ್ತದೆ. ಹಾಗೆಂದು ಕುದುರೆಗೆ ನಷ್ಟವೇನಿಲ್ಲ. ಬೀಜ ಒಡೆದ ಪುಟಾಣಿ ಶಾಂತವಾಗಿ, ಮಕ್ಕಳ ಗಾಡಿ ಎಳೆಯುತ್ತಾ, ಇಪ್ಪತ್ತೈದು ವರ್ಷ ಸುಖವಾಗಿ ಬಾಳಬಲ್ಲದು. ಆಸ್ಪತ್ರೆಯ ಹಾಸಿಗೆಗಳ ಪಕ್ಕ ನಿಲ್ಲುವವುಗಳಲ್ಲಿ ಅಂಥವು ಎಷ್ಟೋ.

ಹೆಣ್ಣಿನ ಕಷ್ಟವನ್ನೂ ಹೇಳಬೇಕು. ಪುಟಾಣಿ ತಾಯಂದಿರಿಗೆ ಹೆರಿಗೆ ತ್ರಾಸದ್ದು. ಮರಿಯ ತಲೆ ಮೈಗೆ ಹೋಲಿಸಿದರೆ ದೊಡ್ಡದು, ದಾರಿ ಕಿರಿದು. ಸಿಕ್ಕಿಕೊಂಡರೆ ನಿಮಿಷಗಳ ಲೆಕ್ಕ. ಪಶುವೈದ್ಯರ ಕೈ ಹೋಗುವಷ್ಟು ಜಾಗವೂ ಇರುವುದಿಲ್ಲ. ಅದಕ್ಕೇ ದಿನ ತುಂಬಿದಾಗ ಸಾಕಿದವರು ಲಾಯದಲ್ಲಿ ಕ್ಯಾಮೆರಾ ಇಟ್ಟು, ಹಾಸಿಗೆಯ ಪಕ್ಕ ಪರದೆ ಇಟ್ಟುಕೊಂಡು ವಾರಗಟ್ಟಲೆ ಅರೆನಿದ್ದೆಯಲ್ಲಿರುತ್ತಾರೆ. ಹೊಸ ಗಂಡಿನ ಮೊದಲ ಮರಿಯೆಂದರೆ ಆ ಅರೆನಿದ್ದೆಯೂ ಇಲ್ಲ.

ಕುದುರೆಗಳು ಹೆಚ್ಚಾಗಿ ಈಯುವುದು ರಾತ್ರಿ. ಮರಿ ಹೊರಬಂದು, ಪೊರೆ ಹರಿದು, ಮೂಗಿನಿಂದ ಉಸಿರು ಹೊರಟಿತೆಂದರೆ ಮೊದಲ ಕೆಲಸ ಮುಗಿಯಿತು. ಒದ್ದೆ ಮೈಯನ್ನು ಗೋಣಿಯಿಂದ ಒರೆಸುತ್ತಾ ಸಾಕಿದವರು ಟಾರ್ಚು ಹಾಕಿ ನೋಡುತ್ತಾರೆ. ಗಂಡೋ ಹೆಣ್ಣೋ ಎಂದಲ್ಲ, ಬಣ್ಣ ಯಾವುದೆಂದೂ ಅಲ್ಲ. ಬೆರಳು ಹಣೆಯ ಮೇಲೆ ಓಡುತ್ತದೆ, ಉಬ್ಬಿದೆಯೇ ಎಂದು. ತುಟಿ ಸರಿಸಿ ವಸಡು ಮುಟ್ಟುತ್ತದೆ, ಮೇಲಿನದರ ಕೆಳಗೆ ಕೆಳಗಿನದು ಸರಿಯಾಗಿ ಕೂತಿದೆಯೇ ಎಂದು. ಆಮೇಲೆ ನಾಲ್ಕು ಕಾಲು, ಒಂದೊಂದಾಗಿ. ಅಷ್ಟರಲ್ಲಿ ಮರಿ ಎದ್ದು ನಿಲ್ಲಲು ಹೆಣಗುತ್ತಿರುತ್ತದೆ. ಎರಡು ಸಲ ಬಿದ್ದು ಮೂರನೆಯ ಸಲ ನಿಂತಾಗ, ಪಕ್ಕದ ಲಾಯದಿಂದ ಅದರ ಅಪ್ಪ ಒಮ್ಮೆ ಕೆನೆಯುವುದೂ ಉಂಟು.